ಹಿಂದಿನ ಸೀಟಿಗೆ ಮಾರಿಕೊಂಡ ಕಾರು

ದುಬಾರಿ ಕಾರುಗಳ ಅಭಿಮಾನಿಗಳು ಕೆಲವು ವರ್ಷಗಳಿಂದ ಒಂದೇ ಶೋಕಗೀತೆ ಹಾಡುತ್ತಿದ್ದಾರೆ. ಗೋಡೆಗೆ ಪೋಸ್ಟರ್ ಅಂಟಿಸಿಕೊಂಡು ಆರಾಧಿಸಿದ ಕಂಪನಿಗಳು ತಮ್ಮ ಕೈಬಿಟ್ಟವು ಎಂಬುದು ಅದರ ಪಲ್ಲವಿ. ಓಡಿಸುವುದರಲ್ಲೇ ಸುಖವಿದೆ ಎಂದು ನಂಬಿದವರಿಗಾಗಿ ಕಾರು ಕಟ್ಟುತ್ತಿದ್ದವರು ಈಗ ಪರದೆ ಮಾರುತ್ತಿದ್ದಾರೆ, ಚಂದಾ ಮಾರುತ್ತಿದ್ದಾರೆ, ಆನೆಯಂಥ ಗಾಡಿ ಮಾರುತ್ತಿದ್ದಾರೆ ಎಂಬುದು ಚರಣ. ಹಾಡು ಸುಳ್ಳಲ್ಲ. ನನ್ನ ತಕರಾರು ಹಾಡುವವರ ಮೇಲೆ. ನಮ್ಮ ದೇಶದಲ್ಲಿ ಆ ಕಾರುಗಳ ಸ್ಟೇರಿಂಗ್ ಹಿಡಿದು ದಿನಾ ಕೂರುವವನು ಯಾರು ಎಂದು ಇವರು ಒಮ್ಮೆಯೂ ಕೇಳಿಕೊಂಡಿಲ್ಲ. ಕೇಳಿಕೊಂಡಿದ್ದರೆ ಕಾರು ಕೈಬಿಟ್ಟದ್ದು ತಮ್ಮನ್ನಲ್ಲ, ಇನ್ನೊಬ್ಬನನ್ನು ಎಂದು ತಿಳಿಯುತ್ತಿತ್ತು.

ಮೊದಲು ಹಾಡಿನಲ್ಲಿರುವ ನಿಜವನ್ನು ಒಪ್ಪೋಣ. ಓಡಿಸುವುದಕ್ಕೆಂದೇ ಹುಟ್ಟಿದ ಪರಮ ಯಂತ್ರ ತನ್ನದು ಎಂಬ ಅರ್ಥದ ಘೋಷಣೆಯನ್ನು ಬಿಎಂಡಬ್ಲ್ಯು ಅಮೆರಿಕದಲ್ಲಿ 1970ರ ದಶಕದಿಂದ ಹೇಳಿಕೊಂಡು ಬಂದಿದೆ. 2022ರಲ್ಲಿ ಅದೇ ಕಂಪನಿ ಕೆಲವು ದೇಶಗಳಲ್ಲಿ ಹೊಸದೊಂದು ವ್ಯಾಪಾರಕ್ಕೆ ಕೈಹಾಕಿತು. ಸೀಟು ಬೆಚ್ಚಗೆ ಮಾಡುವ ಸಾಧನ ಕಾರಿನೊಳಗೆ ಆಗಲೇ ಇರುತ್ತದೆ, ಆದರೆ ಅದು ಕೆಲಸ ಮಾಡಬೇಕಾದರೆ ತಿಂಗಳು ತಿಂಗಳು ಹಣ ಕಟ್ಟಬೇಕು. ಜನ ಉಗಿದ ಮೇಲೆ ಮರುವರ್ಷ ಅದನ್ನು ಕೈಬಿಟ್ಟಿತು. ಅದೇ 2022ರಲ್ಲಿ ಮರ್ಸಿಡಿಸ್ ಕಂಪನಿ ಅಮೆರಿಕದಲ್ಲಿ, ವರ್ಷಕ್ಕೆ 1,200 ಡಾಲರ್ ಕೊಟ್ಟರೆ ನಿಮ್ಮ ಎಲೆಕ್ಟ್ರಿಕ್ ಕಾರು ಇನ್ನೂ ಜೋರಾಗಿ ಚಿಮ್ಮುತ್ತದೆ ಎಂದು ಪ್ರಕಟಿಸಿತು. ಮೋಟಾರು ಅದೇ, ಬ್ಯಾಟರಿ ಅದೇ, ನಡುವೆ ಹಾಕಿದ ಬೀಗ ಮಾತ್ರ ಸಾಫ್ಟ್‌ವೇರಿನದು. ಅದರ ಸಿ 63 ಕಾರಿನಿಂದ ಎಂಟು ಸಿಲಿಂಡರಿನ ನಾಲ್ಕು ಲೀಟರ್ ಎಂಜಿನ್ ಹೋಗಿ, ಎರಡು ಲೀಟರಿನ ನಾಲ್ಕು ಸಿಲಿಂಡರಿನ ಎಂಜಿನ್ನೂ ಜೊತೆಗೊಂದು ಬ್ಯಾಟರಿಯೂ ಬಂದು ಕೂತವು. 1980ರ ದಶಕದಲ್ಲಿ ಬಂದ ಮೊದಲ ಎಂ5 ಕಾರಿನ ತೂಕ ಒಂದೂವರೆ ಟನ್ನಿಗಿಂತ ಕಡಿಮೆ ಇತ್ತು. 2024ರ ಎಂ5 ತೂಗುವುದು 2,400 ಕೆ.ಜಿ.ಗೂ ಹೆಚ್ಚು. ಕ್ಲಚ್ಚು ತುಳಿದು ಗೇರು ಬದಲಿಸುವ ಕಾರು ಈ ಅಂಗಡಿಗಳಲ್ಲಿ ಅಪರೂಪದ ವಸ್ತುವಾಗಿದೆ.

ಇಷ್ಟು ನಿಜ. ಈಗ ನಮ್ಮ ಕಡೆಗೆ ಬರೋಣ.

2017ರಲ್ಲಿ ಮರ್ಸಿಡಿಸ್ ತನ್ನ ಇ-ಕ್ಲಾಸ್ ಕಾರನ್ನು ಉದ್ದ ಮಾಡಿ ಭಾರತದಲ್ಲಿ ಬಿಡುಗಡೆ ಮಾಡಿತು. ಬಲಗಡೆ ಸ್ಟೇರಿಂಗ್ ಇರುವ ದೇಶಗಳ ಪೈಕಿ ಈ ಉದ್ದನೆಯ ಕಾರು ಮೊದಲು ಬಂದದ್ದು ನಮಗೇ. ಪುಣೆ ಹತ್ತಿರದ ಚಾಕಣದಲ್ಲಿ ತಯಾರಾಗುವ ಈ ಕಾರಿನಲ್ಲಿ ಹೆಚ್ಚಿಸಿದ ಜಾಗ ಹೋದದ್ದು ಹಿಂದೆ ಕೂರುವವರ ಕಾಲಿಗೆ. 2021ರಲ್ಲಿ ಬಿಎಂಡಬ್ಲ್ಯು ತನ್ನ 3 ಸೀರೀಸನ್ನು ಹಾಗೆಯೇ ಹಿಗ್ಗಿಸಿ ತಂದಿತು. ಪ್ರಪಂಚದ ಉತ್ಸಾಹಿಗಳೆಲ್ಲ ಓಡಿಸುವವನ ಕಾರು ಎಂದು ದಶಕಗಟ್ಟಲೆ ಕೊಂಡಾಡಿದ ಕಾರು ಅದು. ಅದನ್ನು ಇಲ್ಲಿ ಮಾರಲು ಅದರ ಬೆನ್ನು ನೀಳಗೊಳಿಸಬೇಕಾಯಿತು. 2024ರಲ್ಲಿ 5 ಸೀರೀಸ್ ಕೂಡ ಉದ್ದವಾಗಿಯೇ ಬಂತು. ಇನ್ನು 7 ಸೀರೀಸಿನಲ್ಲಿ ಹಿಂದೆ ಕೂತವರಿಗಾಗಿ ಚಾವಣಿಯಿಂದ ಇಳಿಯುವ 31.3 ಇಂಚಿನ ಸಿನಿಮಾ ಪರದೆ ಸಿಗುತ್ತದೆ. ಪರದೆ ಇಳಿದಾಗ ಮುಂದೆ ಕೂತವನ ಕನ್ನಡಿಯಲ್ಲಿ ರಸ್ತೆ ಕಾಣುವುದಿಲ್ಲ, ಪರದೆಯ ಬೆನ್ನು ಕಾಣುತ್ತದೆ. ಹಿಂದೆ ಬರುತ್ತಿರುವ ಲಾರಿಗಿಂತ ಹಿಂದೆ ಓಡುತ್ತಿರುವ ಸಿನಿಮಾ ಮುಖ್ಯ ಎಂದು ತೀರ್ಮಾನಿಸಿದ ಮೇಲೆ, ಈ ಕಾರು ಯಾರದು ಎಂದು ಬೇರೆ ಸಾಕ್ಷಿ ಬೇಕೇ?

ಐಷಾರಾಮಿ ಕಂಪನಿಗಳು ಭಾರತದಲ್ಲಿ ಓಡಿಸುವವನಿಂದ ದೂರ ಸರಿದವು ಎನ್ನುವುದು ಅರ್ಧ ಸತ್ಯ. ಇಲ್ಲಿ ಅವು ಅವನ ಹತ್ತಿರ ಬಂದದ್ದೇ ಕಡಿಮೆ. ಕೊಳ್ಳುವವನು ಒಬ್ಬ, ಓಡಿಸುವವನು ಇನ್ನೊಬ್ಬ ಎಂಬ ನಮ್ಮ ಹಳೆಯ ಏರ್ಪಾಡನ್ನು ಅವು ಚೆನ್ನಾಗಿ ಓದಿಕೊಂಡವು, ಅದಕ್ಕೆ ತಕ್ಕಂತೆ ಅಳತೆ ತೆಗೆದುಕೊಂಡವು.

ಆದರೆ ಈ ಏರ್ಪಾಡು ನಾವು ತಿಳಿದಷ್ಟು ಹಳೆಯದೂ ಅಲ್ಲ, ಸಹಜವೂ ಅಲ್ಲ. ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯಲ್ಲಿ ದನಗಳ ಜಾತ್ರೆ ನಡೆಯುತ್ತದೆ. ಅಲ್ಲಿ ಹಳ್ಳಿಕಾರ್ ಎತ್ತು ಕೊಳ್ಳಲು ಬಂದ ರೈತ ಏನು ಮಾಡುತ್ತಾನೆ ನೋಡಿ. ಹಲ್ಲು ಎಣಿಸುತ್ತಾನೆ, ಗೊರಸು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಬೆನ್ನ ಮೇಲೆ ಕೈಯಿಟ್ಟಾಗ ಎತ್ತು ಹೇಗೆ ಚರ್ಮ ಅದುರಿಸಿತು ಎಂಬುದನ್ನೂ ಗಮನಿಸುತ್ತಾನೆ. ಯಾಕೆಂದರೆ ನಾಳೆ ಬೆಳಗ್ಗೆ ಅದನ್ನು ಹೂಡುವವನು ಅವನೇ. ಕೊಳ್ಳುವ ಕಣ್ಣು, ಓಡಿಸುವ ಕೈ ಒಂದೇ ಮೈಯಲ್ಲಿವೆ. ನಮ್ಮ ಕಡೆಯ ಮಾತಿನಲ್ಲೂ ಇದು ಉಳಿದಿದೆ. ಗಾಡಿ 'ಹೊಡೆಯುತ್ತಾರೆ', ಟ್ರ್ಯಾಕ್ಟರ್ 'ಹೊಡೆಯುತ್ತಾರೆ', ಉಕ್ಕೆ 'ಹೊಡೆಯುತ್ತಾರೆ'. ಕೈ ಪಳಗಿದವನನ್ನು 'ಗಾಡಿ ಮೇಲೆ ಕೈ ಕುಂತದೆ' ಎನ್ನುತ್ತಾರೆ. ಕಾರು ಬಂದಾಗಲೂ ಕ್ರಿಯಾಪದ ಬದಲಾಗಲಿಲ್ಲ. ಬದಲಾದದ್ದು ಕ್ರಿಯೆ ಮಾಡುವವನ ಜಾಗ. ಹೊಡೆಯುವವನು ಮುಂದಕ್ಕೆ ಹೋಗಿ ಸಂಬಳದವನಾದ, ಕೊಂಡವನು ಹಿಂದಕ್ಕೆ ಹೋಗಿ ಯಜಮಾನನಾದ.

ಆ ಮುಂದಿನ ಸೀಟಿಗೆ ಹೋದವರು ಯಾರು? ನಮ್ಮ ಶೀಳನೆರೆ ಹೋಬಳಿಯಲ್ಲಿ, ಬೆಂಗಳೂರಿಗೋ ಮೈಸೂರಿಗೋ ಡ್ರೈವರ್ ಕೆಲಸಕ್ಕೆ ಹೋದ ಒಬ್ಬರೂ ಇಲ್ಲದ ಊರು ಹುಡುಕುವುದು ಕಷ್ಟ. ಕೃಷ್ಣರಾಜಪೇಟೆ, ನಾಗಮಂಗಲದ ಕಡೆಯ ಜನ ಹೊಟ್ಟೆಪಾಡಿಗೆ ಎಷ್ಟು ದೂರ ಹೋಗಿದ್ದಾರೆ ಎಂಬುದು ನಾಡಿಗೆ ತಿಳಿದದ್ದು 2020ರ ಮೇ ತಿಂಗಳಲ್ಲಿ, ಕೊರೊನಾ ಕಾಲದಲ್ಲಿ ಅವರು ಮುಂಬಯಿಯಿಂದ ಗುಂಪುಗುಂಪಾಗಿ ಮರಳಿದಾಗ. ಹೀಗೆ ಊರು ಬಿಟ್ಟವರಲ್ಲಿ ಸ್ಟೇರಿಂಗ್ ಹಿಡಿದವರು ಮೊದಲು ಕೈ ಪಳಗಿಸಿಕೊಂಡದ್ದು ಇಲ್ಲಿನ ರಸ್ತೆಗಳಲ್ಲಿ. ಶ್ರೀರಂಗಪಟ್ಟಣದಿಂದ ಪಾಂಡವಪುರ, ಚಿನಕುರಳಿ ಹಾದು ಕೃಷ್ಣರಾಜಪೇಟೆಗೆ, ಅಲ್ಲಿಂದ ಕಿಕ್ಕೇರಿ ಕಡೆಗೆ ಕಬ್ಬು ಅರೆಯುವ ಕಾಲದಲ್ಲಿ ಒಮ್ಮೆ ರಾತ್ರಿ ಹೋಗಿ ನೋಡಿ. ಮಾಕವಳ್ಳಿ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರ್, ಅದರ ಹಿಂದೆ ಒಂದಲ್ಲ ಎರಡು ಟ್ರೈಲರ್, ಮೇಲೆ ಎರಡಾಳೆತ್ತರ ಕಬ್ಬು, ಹಿಂದೆ ದೀಪವಿಲ್ಲ. ಎದುರಿನಿಂದ ಹೈ ಬೀಮ್ ಹಾಕಿಕೊಂಡು ಬಸ್ಸು. ಬಣ್ಣ ಬಳಿಯದ ಹಂಪು. ರಸ್ತೆಯ ಅರ್ಧಕ್ಕೆ ಹರಡಿದ ಹುರುಳಿ. ಇಲ್ಲಿ ಗಾಡಿ ಓಡಿಸುವವನು ಬ್ರೇಕಿನ ಮೇಲಿನ ಕಾಲು ಯೋಚಿಸುವ ಮೊದಲೇ ಯೋಚಿಸಿರುತ್ತಾನೆ. ಹಂಪಿಗೆ ಮುಂಚೆ ಎಷ್ಟು ದೂರದಲ್ಲಿ ಗೇರು ಇಳಿಸಿದರೆ ಹಿಂದೆ ಮಲಗಿರುವವರ ನಿದ್ದೆ ಕೆಡುವುದಿಲ್ಲ, ಟೈರಿನ ಸದ್ದು ಬದಲಾದರೆ ಯಾವ ಗಾಲಿಯ ಗಾಳಿ ಇಳಿದಿದೆ, ಏರು ಬರುವ ಮೊದಲು ಎಲ್ಲಿ ಎಳೆತ ಕೂಡಿಸಿಕೊಳ್ಳಬೇಕು ಎಂಬುದೆಲ್ಲ ಅವನ ಮೈಗೆ ಗೊತ್ತು.

ಇದನ್ನೇ ಅಲ್ಲವೇ ಉತ್ಸಾಹಿಗಳು ದೊಡ್ಡ ದೊಡ್ಡ ಮಾತುಗಳಲ್ಲಿ ವರ್ಣಿಸುವುದು? ಯಂತ್ರದ ಜೊತೆ ಸಂವಾದ, ಸ್ಟೇರಿಂಗಿನ ಮೂಲಕ ರಸ್ತೆಯ ಸ್ಪರ್ಶ, ಕಾರಿನ ಆತ್ಮ. ಭಾನುವಾರ ಬೆಳಗ್ಗೆ ಐದಕ್ಕೆ ಎದ್ದು ಖಾಲಿ ರಸ್ತೆಯಲ್ಲಿ ಎರಡು ತಾಸು ಓಡಿಸಿ, ತಿಂಡಿ ತಿಂದು ಮರಳುವವನು ರಸಿಕ. ದಿನಕ್ಕೆ ಹನ್ನೆರಡು ತಾಸು ಅದೇ ಯಂತ್ರದ ಉಸಿರಿಗೆ ಕಿವಿಗೊಟ್ಟು ಬದುಕುವವನು ಬರೀ ಡ್ರೈವರ್! ಕಾವ್ಯಮೀಮಾಂಸೆ ಓದಿದವರು ನಾವು. ಸಹೃದಯ ಎಂದರೆ ಪುಸ್ತಕ ಕೊಂಡವನಲ್ಲ, ಓದಿ ಮನಸ್ಸಿನ ಕನ್ನಡಿಯನ್ನು ತಿಕ್ಕಿ ತಿಕ್ಕಿ ನಿರ್ಮಲ ಮಾಡಿಕೊಂಡವನು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವರು. ಆ ಲೆಕ್ಕದಲ್ಲಿ ಈ ದೇಶದ ದುಬಾರಿ ಕಾರುಗಳ ಸಹೃದಯ ಯಾರು ಎಂದು ಪ್ರಾಮಾಣಿಕವಾಗಿ ಹೇಳಿ.

ಬೆಂಗಳೂರಿನಲ್ಲಿ ಇಂಥದೊಂದು ಕಾರು ಓಡಿಸುವ ನಮ್ಮ ಊರಿನ ಅಣ್ಣನೊಬ್ಬನನ್ನು ಹೊಸ ಕಾರು ಹೇಗಿದೆ ಎಂದು ಕೇಳಿದೆ. ಅವನೆಂದದ್ದು ಇಷ್ಟು: "ಎಸಿ ಕಮ್ಮಿ ಮಾಡು ಅಂತಾರೆ ಹಿಂದ್ಲಿಂದ. ಮೊದ್ಲು ಒಂದು ತಿರುಪು ಇತ್ತು, ಕೈ ತನ್ನ ಪಾಡಿಗ್ ತಾನು ಹೋಗಿ ತಿರುಗುಸ್ಬುಡೋದು. ಈಗ ಗಾಜಿನ್ ಮೇಲೆ ಎಲ್ಲೈತೆ ಅಂತ ಹುಡುಕ್ಬೇಕು. ನಾನು ರೋಡ್ ನೋಡ್ಲಾ, ಅದ್ನ ನೋಡ್ಲಾ? ಗಾಡಿ ಬಂಗಾರ ಕಣಪ್ಪ, ಆದ್ರೆ ನಮ್ ಕೈನ ನಂಬಕಿಲ್ಲ ಅದು."

ನಮ್ಮ ಕೈಯನ್ನು ನಂಬುವುದಿಲ್ಲ. ಉತ್ಸಾಹಿಗಳು ಉದ್ದುದ್ದ ಬರೆದ ಶೋಕಗೀತೆಯ ಸಾರ ಈ ಒಂದು ವಾಕ್ಯದಲ್ಲಿದೆ. 2021ರಲ್ಲಿ ಬಂದ ಮರ್ಸಿಡಿಸ್ ಇಕ್ಯೂಎಸ್ ಕಾರಿನಲ್ಲಿ ಡ್ಯಾಶ್‌ಬೋರ್ಡಿನ ಈ ತುದಿಯಿಂದ ಆ ತುದಿಗೆ 141 ಸೆಂಟಿಮೀಟರ್ ಅಗಲದ ಗಾಜಿನ ಪರದೆ ದೊರೆಯುತ್ತದೆ. ಗುಂಡಿ ಎನ್ನುವುದು ಬೆರಳಿಗೆ ಕಾಣುತ್ತದೆ, ಪರದೆ ಕಣ್ಣಿಗೆ ಮಾತ್ರ ಕಾಣುತ್ತದೆ. ಕಾರು ಓಡಿಸುವವನ ಬಳಿ ಧಾರಾಳವಾಗಿರುವುದು ಬೆರಳು, ಅಭಾವವಿರುವುದು ಕಣ್ಣು. ಈ ಸರಳ ಲೆಕ್ಕ ಅಷ್ಟು ದೊಡ್ಡ ಎಂಜಿನಿಯರುಗಳಿಗೆ ತಿಳಿಯಲಿಲ್ಲವೆಂದಲ್ಲ. ಯುರೋಪಿನ ಕಾರು ಸುರಕ್ಷತಾ ಪರೀಕ್ಷೆಯಾದ ಯುರೋ ಎನ್‌ಕ್ಯಾಪ್ ಕೊನೆಗೆ ಅದನ್ನು ಹೇಳಲೇಬೇಕಾಯಿತು. ಇಂಡಿಕೇಟರ್, ಹಾರ್ನ್, ವೈಪರ್, ಅಪಾಯದ ದೀಪ ಇಂಥ ಮುಖ್ಯ ಕೆಲಸಗಳಿಗೆ ಕೈಗೆ ಸಿಗುವ ಗುಂಡಿ ಅಥವಾ ಕಡ್ಡಿ ಇಲ್ಲದಿದ್ದರೆ 2026ರಿಂದ ಪೂರ್ತಿ ಅಂಕ ಇಲ್ಲ ಎಂದಿತು. ನಮ್ಮೂರ ಅಣ್ಣ ಹೇಳಿದ್ದನ್ನು ಒಪ್ಪಲು ಅವರಿಗೆ ಪ್ರಯೋಗಾಲಯ ಬೇಕಾಯಿತು, ಇರಲಿ. ಈ ವಿಷಯದಲ್ಲಿ ನಮಗೂ ಪಾಲಿದೆ. ಮರ್ಸಿಡಿಸ್‌ನ ಸಂಶೋಧನಾ ಕೇಂದ್ರ 1996ರಿಂದ ಬೆಂಗಳೂರಿನಲ್ಲಿದೆ, ಸಾವಿರಾರು ಎಂಜಿನಿಯರುಗಳು ಅಲ್ಲಿ ಕೆಲಸ ಮಾಡುತ್ತಾರೆ. ಮುಂದಿನ ಕಾರಿನ ಸಾಫ್ಟ್‌ವೇರ್ ಬರೆಯುವವನೂ ಇಂದಿನ ಕಾರು ಓಡಿಸುವವನೂ ಒಂದೇ ಟ್ರಾಫಿಕ್ಕಿನಲ್ಲಿ ನಿಂತಿರುತ್ತಾರೆ. ಒಬ್ಬನ ಮಾತು ಇನ್ನೊಬ್ಬನಿಗೆ ತಲುಪುವ ದಾರಿ ಮಾತ್ರ ಇಲ್ಲ.

ಓಡಿಸುವವನ ಮಾತು ಕೇಳದೆ ಕೆಟ್ಟವರ ಕಥೆ ನಮಗೆ ಹೊಸದಲ್ಲ. ಕರ್ಣನಿಗಾಗಿ ಕಣ್ಣೀರು ಹಾಕದ ಕನ್ನಡ ಓದುಗನಿಲ್ಲ. ಪಂಪನಿಂದ ಹಿಡಿದು ನಮ್ಮೂರ ನಾಟಕದ ಮೇಷ್ಟ್ರವರೆಗೆ ಎಲ್ಲರಿಗೂ ಅವನೆಂದರೆ ಪ್ರಾಣ. ಅವನನ್ನು ಬಾಳಿಡೀ ಚುಚ್ಚಿದ ಬೈಗುಳ ಯಾವುದು? ಸೂತಪುತ್ರ. ಇವತ್ತಿನ ಮಾತಿನಲ್ಲಿ ಹೇಳುವುದಾದರೆ, ಡ್ರೈವರನ ಮಗ. ತುಂಬಿದ ರಂಗದಲ್ಲಿ ಅವನ ಬಿಲ್ಲಿನ ವಿದ್ಯೆಯನ್ನು ಬದಿಗೊತ್ತಿ ಕೇಳಿದ್ದು ನಿನ್ನ ಅಪ್ಪ ರಥ ಹೊಡೆಯುವವನಲ್ಲವೇ ಎಂದೇ. ಮುಂದೆ ಅದೇ ಕರ್ಣನಿಗೆ ಯುದ್ಧದಲ್ಲಿ ಬೇಕಾದದ್ದು ಒಳ್ಳೆಯ ಸಾರಥಿ. ಅರ್ಜುನನಿಗಿಂತ ತಾನು ಕಡಿಮೆಯಿಲ್ಲ, ಅವನ ಸಾರಥಿಗೆ ಸಮನಾದವನು ತನಗಿಲ್ಲ ಎಂಬುದು ಅವನ ಕೊರಗು. ಅದಕ್ಕೇ ಮದ್ರದ ದೊರೆ ಶಲ್ಯನನ್ನು ಒಪ್ಪಿಸಿ ಕೂರಿಸಿದರು. ಸರ್ಪಬಾಣ ಹೂಡಿದ ಗಳಿಗೆಯಲ್ಲಿ ಶಲ್ಯ ಗುರಿ ತಿದ್ದಿಕೋ ಎಂದ. ಕರ್ಣ ಕೇಳಲಿಲ್ಲ. ಎದುರಿನ ರಥದಲ್ಲಿ ಕೃಷ್ಣ ರಥವನ್ನು ನೆಲಕ್ಕೆ ಅದುಮಿದ, ಬಾಣ ಅರ್ಜುನನ ಕಿರೀಟವನ್ನಷ್ಟೇ ಹಾರಿಸಿಕೊಂಡು ಹೋಯಿತು. ಕನ್ನಡದ ಭಾರತಗಳಲ್ಲಿ ಶಲ್ಯ ಸಿಟ್ಟಾಗಿ ರಥದಿಂದ ಇಳಿದು ನಡೆಯುತ್ತಾನೆ. ಆಮೇಲೆ ಕರ್ಣನ ಗಾಲಿಯನ್ನು ನೆಲ ನುಂಗುತ್ತದೆ, ಎತ್ತಲು ಅವನೇ ಇಳಿಯಬೇಕಾಗುತ್ತದೆ. ಒಂದೇ ಯುದ್ಧ, ಇಬ್ಬರು ಸಾರಥಿಗಳು. ಒಬ್ಬನ ಮಾತನ್ನು ರಥಿಕ ಕೇಳುತ್ತಿದ್ದ, ಇನ್ನೊಬ್ಬನ ಮಾತನ್ನು ಕೇಳಲಿಲ್ಲ. ನಮ್ಮ ಕಾವ್ಯಗಳಿಗೆ ಗೊತ್ತಿದ್ದ ಈ ವಿಚಾರ ನಮ್ಮ ಕಾರು ಪ್ರೇಮಿಗಳಿಗೆ ಗೊತ್ತಿಲ್ಲ.

ನನ್ನ ವಾದಕ್ಕೆ ಎದುರು ಮಾತುಗಳಿವೆ, ಅವು ಹಗುರವಾದವೂ ಅಲ್ಲ. ಮೊದಲನೆಯದು ವ್ಯಾಪಾರದ್ದು. 2002ರಲ್ಲಿ ಪೋರ್ಷೆ ಕಂಪನಿ ಕಯೆನ್ ಎಂಬ ಎತ್ತರದ ಗಾಡಿ ತಂದಾಗ ಅಭಿಮಾನಿಗಳು ಬೊಬ್ಬೆ ಹಾಕಿದರು. ಆದರೆ ಅದರ ಲಾಭ ಕಂಪನಿಯನ್ನು ಗಟ್ಟಿ ಮಾಡಿತು, ಅವರ ಪ್ರೀತಿಯ 911 ಇವತ್ತಿಗೂ ಉಳಿದಿದೆ, ಕೆಲವು ಮಾದರಿಗಳಲ್ಲಿ ಕ್ಲಚ್ಚಿನ ಸಮೇತ. ಫೆರಾರಿಯೂ 2022ರಲ್ಲಿ ನಾಲ್ಕು ಬಾಗಿಲಿನ ಎತ್ತರದ ಗಾಡಿ ತೋರಿಸಿತು. ಬದುಕಬೇಕಾದ ಕಂಪನಿ ಮಾರಾಟವಾಗುವುದನ್ನು ಮಾಡುತ್ತದೆ ಎನ್ನುವುದು ಸರಿ. ಆದರೆ ಎತ್ತರ, ಅಗಲ, ಬ್ಯಾಟರಿ ಇವುಗಳಲ್ಲಿ ಯಾವುದೂ ಓಡಿಸುವವನ ಶತ್ರು ಅಲ್ಲ. ಎಲೆಕ್ಟ್ರಿಕ್ ಕಾರಿನಲ್ಲೂ ತಿರುಪು ಇರಬಹುದು. ಸಿನಿಮಾ ಪರದೆ ಇಳಿದಾಗಲೂ ಹಿಂದಿನ ರಸ್ತೆ ತೋರಿಸುವ ಕ್ಯಾಮೆರಾ ಕನ್ನಡಿ ಇರಬಹುದು. ಅವು ಬಿಟ್ಟುಹೋಗುವುದು ಲಾಭದ ಒತ್ತಡದಿಂದಲ್ಲ, ಹಣ ಕೊಡುವವನು ಅಲ್ಲಿ ಕೂರುವುದಿಲ್ಲ ಎಂಬ ಕಾರಣಕ್ಕೆ.

ಎರಡನೆಯದು ಜೀವದ ಮಾತು. ಮನುಷ್ಯನ ಕೈ ತಪ್ಪುತ್ತದೆ, ಯಂತ್ರ ಬ್ರೇಕು ಹಾಕಿದರೆ ಜೀವ ಉಳಿಯುತ್ತದೆ, ಕೈಗೆ ನಂಬಿಕೆ ಬೇಕು ಎಂದು ಅಳುವುದು ಬೇಜವಾಬ್ದಾರಿ ಎನ್ನುವವರಿದ್ದಾರೆ. ಒಪ್ಪುತ್ತೇನೆ, ತಾನೇ ಬ್ರೇಕು ಹಾಕುವ ಸಾಧನ ಎಲ್ಲ ಗಾಡಿಗಳಿಗೂ ಬರಲಿ, ಕಬ್ಬಿನ ಟ್ರೈಲರಿಗೆ ಹಿಂದಿನ ದೀಪವೂ ಬರಲಿ. ಆದರೆ ನಮ್ಮ ಜಿಲ್ಲೆಯ ನಡುವೆಯೇ ನಡೆದದ್ದನ್ನು ನೋಡಿ. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನಿ ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟಿಸಿದರು. ಸಾವಿನ ಮೇಲೆ ಸಾವು ಸಂಭವಿಸಿತು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಹೊರಗಿಟ್ಟು ಸರ್ವಿಸ್ ರಸ್ತೆಗೆ ಕಳಿಸಿದರು. ಸುರಕ್ಷತೆಯ ದೃಷ್ಟಿಯಿಂದ ಅದಕ್ಕೆ ಸಮರ್ಥನೆ ಇದೆ. ಆದರೂ ಸುರಕ್ಷತೆ ಎಂಬ ಮಾತು ಬಂದಾಗಲೆಲ್ಲ ರಸ್ತೆ ಬಿಡಬೇಕಾದವನು ಯಾವ ಕಡೆಯವನು ಎಂಬುದನ್ನು ಗಮನಿಸದಿರಲು ಆಗುವುದಿಲ್ಲ. ಹೊಲ ಕೊಟ್ಟವನ ಟ್ರ್ಯಾಕ್ಟರ್ ಕೆಳಗಿಳಿಯಿತು, ಮೇಲೆ ಹೋಗುವ ಕಾರಿನಲ್ಲಿ ಅದೇ ಜಿಲ್ಲೆಯ ಮಗ ಸಂಬಳಕ್ಕೆ ಸ್ಟೇರಿಂಗ್ ಹಿಡಿದ. ಜೀವ ಉಳಿಸುವ ಸಾಧನಕ್ಕೆ ನನ್ನ ವಿರೋಧವಿಲ್ಲ. ನಿದ್ದೆಗೆಟ್ಟ ಡ್ರೈವರನ ಕಣ್ಣು ಮುಚ್ಚಿದ್ದನ್ನು ಕಂಡುಹಿಡಿದು ಗಂಟೆ ಬಾರಿಸುವ ಕಾರು ಕೊಂಡು, ಅವನಿಗೆ ನಿದ್ದೆ ಮಾಡಲು ರಜೆ ಕೊಡದ ಯಜಮಾನನಿಗೆ ವಿರೋಧವಿದೆ.

ಮೂರನೆಯದು ಎಲ್ಲಕ್ಕಿಂತ ಚೂಪಾದದ್ದು. ಡ್ರೈವರಿಗೆ ಬೇಕಾದದ್ದು ಸಂಬಳ, ಪಿಎಫ್, ವಾರಕ್ಕೊಂದು ರಜೆ. ಅವನ ತಲೆಗೆ ರಸಿಕತೆಯ ಕಿರೀಟ ಇಡುವುದು ಓದಿದವರ ಭಾವುಕತೆ ಎನ್ನಬಹುದು. ಸಂಬಳದ ಮಾತು ನೂರಕ್ಕೆ ನೂರು ನಿಜ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ತಾಸು, ವಾರಕ್ಕೆ 48 ತಾಸು ಎಂದು ಮಿತಿ ಹಾಕಿತು. ಆದರೆ ಅದು ಬರೆಯಲ್ಪಟ್ಟದ್ದು ಬಾಡಿಗೆಗೆ ಜನ, ಸರಕು ಸಾಗಿಸುವ, ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ. ಮನೆಯ ಕಾರಿಗೆ ಇಟ್ಟುಕೊಂಡ ಒಬ್ಬ ಡ್ರೈವರ್ ಆ ಲೆಕ್ಕದೊಳಗೆ ಬರಲಿಲ್ಲ. ಮದುವೆ ಮನೆಯ ಹೊರಗೆ ರಾತ್ರಿ ಹನ್ನೆರಡರವರೆಗೆ ಕಾದು, ಬೆಳಗ್ಗೆ ಐದಕ್ಕೆ ಏರ್‌ಪೋರ್ಟಿಗೆ ಹೊರಡುವವನ ಡ್ಯೂಟಿಗೆ ಗಡಿಯಾರ ಇಡುವವರಿಲ್ಲ.

ಆದರೆ ಸಂಬಳ ಮತ್ತು ಪ್ರೀತಿ ಒಂದಕ್ಕೊಂದು ವಿರೋಧ ಎಂದು ಯಾರು ಹೇಳಿದರು? ಕಲೆ ಎಂದು ಹೊಗಳಿ ಕೂಲಿ ಕೊಡದಿರುವುದು ಒಂದು ಮೋಸ. ಕೂಲಿ ಕೊಟ್ಟು ಕಲೆಯನ್ನು ಕಾಣದಿರುವುದು ಇನ್ನೊಂದು ಮೋಸ. ತಮಟೆ ಬಾರಿಸುವವನ ವಿಷಯದಲ್ಲಿ, ನೇಯುವವನ ವಿಷಯದಲ್ಲಿ ನಾವು ಇದನ್ನು ತಡವಾಗಿಯಾದರೂ ಕಲಿತೆವು. ಸ್ಟೇರಿಂಗ್ ಹಿಡಿದವನ ವಿಷಯದಲ್ಲಿ ಇನ್ನೂ ಕಲಿತಿಲ್ಲ. ಅವನು ನಮ್ಮ ಕಣ್ಣಿಗೆ ಬೀಳುವುದು ಏನಾದರೂ ಕೆಟ್ಟಾಗ ಮಾತ್ರ. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಅಪ್ರಾಪ್ತ ಹುಡುಗನೊಬ್ಬ ಓಡಿಸುತ್ತಿದ್ದ ಪೋರ್ಷೆ ಕಾರು ಬೈಕಿಗೆ ಗುದ್ದಿ ಇಬ್ಬರು ಯುವ ಎಂಜಿನಿಯರುಗಳು ಸತ್ತರು. ಕಾರು ಓಡಿಸಿದ್ದು ತಾನೇ ಎಂದು ಒಪ್ಪಿಕೊಳ್ಳುವಂತೆ ಮನೆಯ ಡ್ರೈವರನ ಮೇಲೆ ಒತ್ತಡ ಹಾಕಿ ಕೂಡಿಹಾಕಿದ ಆರೋಪದ ಮೇಲೆ ಪೊಲೀಸರು ಹುಡುಗನ ತಂದೆಯನ್ನೂ ತಾತನನ್ನೂ ಬಂಧಿಸಿದರು. ಆರೋಪದ ಒಳಗಿರುವ ಯೋಚನೆ ನೋಡಿ: ಓಡಿಸುವ ಸುಖ ನಮ್ಮದು, ಓಡಿಸಿದ ಪಾಪ ಡ್ರೈವರನದು.

ಹೀಗೆ ಕೊಳ್ಳುವವನೂ ಓಡಿಸುವವನೂ ಬೇರೆಯಾಗದ ಯಂತ್ರವೊಂದು ನಮ್ಮ ಹತ್ತಿರದಲ್ಲೇ ತಯಾರಾಗುತ್ತಿತ್ತು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಜಾವಾ, ಆಮೇಲೆ ಯೆಜ್ಡಿ ಬೈಕುಗಳು ಹೊರಬಂದವು. ಅದರಲ್ಲಿ ಕಿಕ್ಕರೂ ಗೇರೂ ಒಂದೇ ಕಡ್ಡಿ. ಪೆಟ್ರೋಲಿಗೆ ಆಯಿಲ್ ಬೆರೆಸುವ ಹದ ಸವಾರನಿಗೇ ಗೊತ್ತಿರಬೇಕಿತ್ತು, ಪ್ಲಗ್ಗು ಬಿಚ್ಚಿ ಉಜ್ಜಿ ಹಾಕಲು ಮೆಕ್ಯಾನಿಕ್ ಬೇಕಿರಲಿಲ್ಲ. ಹೊಗೆ ಬಹಳ, ಎಣ್ಣೆ ಖರ್ಚೂ ಬಹಳ, ಹೊಗೆಯ ಕಾನೂನು ಬಿಗಿಯಾದ ಕಾಲಕ್ಕೆ ಹೊಂದದ ಯಂತ್ರ ಅದು. ಅದನ್ನು ಮರಳಿ ತನ್ನಿ ಎನ್ನುತ್ತಿಲ್ಲ. ಆದರೆ ಅದು ಸವಾರನಿಂದ ಸ್ವಲ್ಪ ಬುದ್ಧಿ, ಸ್ವಲ್ಪ ಕೈಕೆಲಸ ಕೇಳುತ್ತಿತ್ತು, ಕೊಟ್ಟವನಿಗೆ ಪೂರ್ತಿ ಒಲಿಯುತ್ತಿತ್ತು. 2018ರಲ್ಲಿ ಜಾವಾ ಹೆಸರು, 2022ರಲ್ಲಿ ಯೆಜ್ಡಿ ಹೆಸರು ಮಹೀಂದ್ರ ಬೆಂಬಲದ ಹೊಸ ಕಂಪನಿಯ ಮೂಲಕ ಮರಳಿ ಬಂದವು. ಬೈಕುಗಳು ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಮೈಸೂರಿಗೆ ಉಳಿದದ್ದು ನೆನಪು, ಆ ನೆನಪೂ ಈಗ ಮಾರಾಟದ ಸರಕು. ಓಡಿಸುವವನನ್ನು ಬಿಟ್ಟ ಕಂಪನಿಗಳ ಕೊನೆಯ ಮಜಲು ಇದೇ ಇರಬೇಕು: ಕೈಗೆ ಕೆಲಸ ಕೊಡುವುದು ನಿಲ್ಲಿಸಿದ ಮೇಲೆ ಕೈ ಮಾಡುತ್ತಿದ್ದ ಕೆಲಸದ ನೆನಪನ್ನು ಮಾರುವುದು. ದುಬಾರಿ ಕಾರುಗಳ ಎಲೆಕ್ಟ್ರಿಕ್ ಮಾದರಿಗಳಲ್ಲಿ ಸ್ಪೀಕರಿನಿಂದ ಹೊರಡಿಸುವ ಕೃತಕ ಎಂಜಿನ್ ಸದ್ದೂ ಇದೇ ಜಾತಿಯದು.

ಮುಂದಿನ ಹೆಜ್ಜೆ ಎಲ್ಲರಿಗೂ ಗೊತ್ತು. ಕೆಲವು ರಸ್ತೆಗಳಲ್ಲಿ ಕೈ ಬಿಟ್ಟು ಕೂರಬಹುದಾದ ವ್ಯವಸ್ಥೆಯನ್ನು ಮರ್ಸಿಡಿಸ್ 2022ರಲ್ಲೇ ಜರ್ಮನಿಯಲ್ಲಿ ಕಾನೂನಿನ ಒಪ್ಪಿಗೆಯೊಂದಿಗೆ ಮಾರಿತು. ಚಾಲಕರಿಲ್ಲದ ಕಾರನ್ನು ಭಾರತಕ್ಕೆ ಬರಗೊಡುವುದಿಲ್ಲ, ಲಕ್ಷಾಂತರ ಚಾಲಕರ ಕೆಲಸ ಹೋಗುತ್ತದೆ ಎಂದು ನಮ್ಮ ಕೇಂದ್ರ ಸಾರಿಗೆ ಸಚಿವರು ಹೇಳಿದ್ದಾರೆ. ಒಳ್ಳೆಯ ಮಾತು. ಆದರೆ ಇರುವ ಕೆಲಸಕ್ಕೆ ಮರ್ಯಾದೆ ಕೊಡದೆ, ಹೋಗುವ ಕೆಲಸಕ್ಕೆ ಮರುಗುವುದರಿಂದ ಏನಾದೀತು? ಮನೆಯ ಡ್ರೈವರನನ್ನು ಕಾರ್ಮಿಕ ಎಂದು ಕರೆಯುವ, ಅವನ ತಾಸುಗಳನ್ನು ಎಣಿಸುವ ಕಾನೂನು ಮೊದಲು ಬರಲಿ. ಉತ್ಸಾಹಿಗಳ ಸಂಘಗಳು ಕ್ಲಚ್ಚಿಗಾಗಿ ಅರ್ಜಿ ಬರೆಯುವಾಗ ಆ ಕಾನೂನಿಗೂ ಒಂದು ಸಹಿ ಹಾಕಲಿ. ಅವರ ಪ್ರೀತಿ ಕಾರಿನ ಮೇಲೋ ಕಾರಿನಲ್ಲಿ ಕಾಣುವ ತಮ್ಮ ಮೇಲೋ ಎಂದು ಆಗ ತಿಳಿಯುತ್ತದೆ.

ಕಾರು ಕೊಳ್ಳಲು ಹೋಗುವವರಿಗೆ ಒಂದು ಮಾತು. ಷೋರೂಮಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು ಕಾಲು ಚಾಚಿ ಅಳತೆ ನೋಡುವ ಮೊದಲು, ಹೇಮಗಿರಿಗೆ ಬಂದ ರೈತನಂತೆ, ನಾಳೆ ಹೂಡುವವನು ಯಾರು ಎಂದು ಯೋಚಿಸಿ. ಅವನನ್ನು ಜೊತೆಗೆ ಕರೆದುಕೊಂಡು ಹೋಗಿ, ಮುಂದೆ ಕೂರಿಸಿ, ಊರಾಚೆ ಒಂದು ಹಾಳು ರಸ್ತೆಯಲ್ಲಿ ಹತ್ತು ಮೈಲಿ ಹೊಡೆಸಿ. ಇಳಿದ ಮೇಲೆ ಹೇಗಿದೆ ಎಂದು ಕೇಳಿ. ಅವನು ಬೇಡವೆಂದರೆ ಕೊಳ್ಳಬೇಡಿ. ನಾಲ್ಕು ಜನ ಹೀಗೆ ಖಾಲಿ ಕೈಯಲ್ಲಿ ಮರಳಿದರೆ, ಗುಂಡಿ, ತಿರುಪು, ಕನ್ನಡಿ ಎಲ್ಲ ತಮ್ಮ ಜಾಗಕ್ಕೆ ಮರಳಿ ಬರುತ್ತವೆ.